ಬಿಸಿಲುನಾಡಿನ ಹಸಿರುಮನೆಯಲ್ಲಿ ಟೊಮೆಟೊ

ಯಂತ್ರದಿಂದ ಶಾಖ ಒದಗಿಸದ ಸಾದಾ ಹಸಿರುಮನೆಯಲ್ಲಿ ಟೊಮೆಟೊ ಬೆಳೆಯಬಹುದೇ, ಬೆಳೆದರೆ ಹಾಕಿದ ಬಂಡವಾಳ ಕೈಗೆ ಮರಳುತ್ತದೆಯೇ ಎಂಬುದು ಹೊಸಪೇಟೆ, ಕಂಪ್ಲಿ, ಸಂಡೂರು ಭಾಗದ ತರಕಾರಿ ಬೆಳೆಗಾರರು ಮತ್ತೆ ಮತ್ತೆ ಎತ್ತುವ ಪ್ರಶ್ನೆ. ಈ ಪ್ರಶ್ನೆ ಹುಟ್ಟಿದ್ದು ಚಳಿದೇಶಗಳಲ್ಲಿ. ಇಂಗ್ಲೆಂಡಿನ ತೋಟಗಾರರು ಶಾಖವಿಲ್ಲದ ಗಾಜಿನ ಮನೆಯಲ್ಲಿ ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಸಸಿ ನೆಟ್ಟು ಜುಲೈಯಿಂದ ಅಕ್ಟೋಬರ್‌ವರೆಗೆ ಹಣ್ಣು ಕೊಯ್ಯುತ್ತಾರೆ. ಅಲ್ಲಿನ ಚಿಕ್ಕ ಬೇಸಿಗೆಯ ಎರಡೂ ತುದಿಗಳಿಗೆ ಕೆಲವು ವಾರಗಳನ್ನು ಜೋಡಿಸಿಕೊಡುವುದೇ ಆ ಮನೆಯ ಉಪಯೋಗ. ನಮ್ಮ ದೇಶದಲ್ಲೇ ಲಡಾಖಿನ ಲೇಹ್‌ನಲ್ಲಿರುವ ರಕ್ಷಣಾ ಇಲಾಖೆಯ ಎತ್ತರ ಪ್ರದೇಶಗಳ ಸಂಶೋಧನಾ ಸಂಸ್ಥೆಯು ಸೂರ್ಯನ ಬಿಸಿಯನ್ನಷ್ಟೇ ನಂಬಿದ ಹಸಿರುಮನೆಗಳನ್ನು ರೂಪಿಸಿದೆ. ಹೊರಗೆ ನೆಲ ಹೆಪ್ಪುಗಟ್ಟಿರುವಾಗಲೂ ಅವುಗಳೊಳಗೆ ಸೊಪ್ಪು ಬೆಳೆಯುತ್ತದೆ. ಉತ್ತರ ಅಕ್ಷಾಂಶ 15 ಡಿಗ್ರಿಯ ಆಸುಪಾಸಿನಲ್ಲಿರುವ ಹೊಸಪೇಟೆಗೆ ಬಂದಾಗ ಈ ಪ್ರಶ್ನೆ ಪೂರ್ತಿ ತಿರುಗಿ ನಿಲ್ಲುತ್ತದೆ. ಇಲ್ಲಿ ಶಾಖ ಕೊಳ್ಳಬೇಕಾದ ಸರಕಲ್ಲ, ಕಳೆಯಬೇಕಾದ ಹೊರೆ. ಆದ್ದರಿಂದ ಇಲ್ಲಿನ ಬೆಳೆಗಾರ ಮೊದಲು ಕೇಳಿಕೊಳ್ಳಬೇಕಾದದ್ದು, ಯಂತ್ರದಿಂದ ತಂಪು ಒದಗಿಸದ ಹಸಿರುಮನೆಯಲ್ಲಿ ಟೊಮೆಟೊ ಯಾವ ತಿಂಗಳುಗಳಲ್ಲಿ ಬದುಕುತ್ತದೆ, ಯಾವ ತಿಂಗಳುಗಳಲ್ಲಿ ಬದುಕುವುದಿಲ್ಲ ಎಂಬುದನ್ನು.

ಹಸಿರುಮನೆ ಎಂದು ಸ್ಥೂಲವಾಗಿ ಕರೆಯಲಾಗುವ ಕಟ್ಟಡಗಳಲ್ಲಿ ನಮ್ಮ ರೈತರಿಗೆ ಎರಡು ಮುಖ್ಯ. ಸತು ಲೇಪಿಸಿದ ಕಬ್ಬಿಣದ ಕೊಳವೆಗಳ ಚೌಕಟ್ಟಿನ ಮೇಲೆ ಸಾಮಾನ್ಯವಾಗಿ 200 ಮೈಕ್ರಾನ್ ದಪ್ಪದ, ಅತಿನೇರಳೆ ಕಿರಣಗಳಿಗೆ ಬೇಗ ಹರಿಯದಂತೆ ಸಂಸ್ಕರಿಸಿದ ಪಾಲಿಥೀನ್ ಹಾಳೆ ಹೊದಿಸಿದರೆ ಅದು ಪಾಲಿಹೌಸ್. ಅದೇ ಚೌಕಟ್ಟಿಗೆ ಹಾಳೆಯ ಬದಲು ನೇಯ್ದ ಪ್ಲಾಸ್ಟಿಕ್ ಬಲೆ ಕಟ್ಟಿದರೆ ಅದು ನೆರಳು ಪರದೆ ಮನೆ, ಆಡುಮಾತಿನಲ್ಲಿ ಶೇಡ್‌ನೆಟ್. ಮೊದಲನೆಯದು ಮಳೆಯನ್ನೂ ಗಾಳಿಯನ್ನೂ ತಡೆಯುತ್ತದೆ, ಎರಡನೆಯದು ಬಿಸಿಲಿನ ಒಂದು ಭಾಗವನ್ನು ಮಾತ್ರ ತಡೆದು ಗಾಳಿಯನ್ನೂ ಮಳೆಹನಿಯನ್ನೂ ಒಳಗೆ ಬಿಡುತ್ತದೆ. ಈ ವ್ಯತ್ಯಾಸ ಸಣ್ಣದೆಂದು ಕಂಡರೂ ಇಲ್ಲಿನ ಹವೆಯಲ್ಲಿ ಬೆಳೆಯ ಭವಿಷ್ಯ ನಿಂತಿರುವುದು ಅದರ ಮೇಲೆಯೇ.

ಪಾಲಿಹೌಸ್ ಏಕೆ ಬಿಸಿಯಾಗುತ್ತದೆ ಎಂಬುದಕ್ಕೆ ಶಾಲಾಪುಸ್ತಕಗಳು ಕೊಡುವ ವಿವರಣೆ ಅರ್ಧ ಮಾತ್ರ ಸರಿ. ಬೆಳಕು ಹಾಳೆಯನ್ನು ದಾಟಿ ಒಳಬರುತ್ತದೆ, ನೆಲ ಕಾಯುತ್ತದೆ, ಕಾದ ನೆಲ ಸೂಸುವ ಶಾಖಕಿರಣಗಳನ್ನು ಹಾಳೆ ಹೊರಗೆ ಬಿಡುವುದಿಲ್ಲ ಎಂಬುದು ಆ ವಿವರಣೆ. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಶಾಖಕಿರಣಗಳನ್ನು ತಡೆಯದೆ ಬಿಟ್ಟುಕೊಡುವ ಪಾರದರ್ಶಕ ಕಲ್ಲುಪ್ಪಿನ ಫಲಕವನ್ನೂ ಮುಚ್ಚಿ ಬಿಸಿಲಿಗಿಟ್ಟಾಗ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಾದವು. ಅಂದರೆ ಶಾಖವನ್ನು ಹಿಡಿದಿಡುವ ಮುಖ್ಯ ಕಾರಣ ಕಿರಣಗಳ ತಡೆಯಲ್ಲ, ಕಾದ ಗಾಳಿ ಮೇಲೇರಿ ಹೊರಗಿನ ಗಾಳಿಯೊಡನೆ ಬೆರೆಯದಂತೆ ಮಾಡುವ ಮುಚ್ಚಿಗೆ. ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಆಗುವುದೂ ಇದೇ. ಈ ತತ್ತ್ವದಿಂದ ಬೆಳೆಗಾರನಿಗೆ ಎರಡು ತೀರ್ಮಾನಗಳು ಸಿಗುತ್ತವೆ: ಹಗಲಿನಲ್ಲಿ ಒಳಗಿನ ಕಾವು ಎಷ್ಟೆಂಬುದನ್ನು ನಿರ್ಧರಿಸುವುದು ಹಾಳೆಯ ಗುಣಕ್ಕಿಂತ ಹೆಚ್ಚಾಗಿ ಗಾಳಿ ಹೊರಹೋಗುವ ಬಾಯಿಯ ಅಗಲ, ರಾತ್ರಿಯಲ್ಲಿ ತೆಳು ಪಾಲಿಥೀನ್ ಶಾಖಕಿರಣಗಳನ್ನು ಬಹುಮಟ್ಟಿಗೆ ಹೊರಗೆ ಬಿಟ್ಟುಬಿಡುವುದರಿಂದ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಒಂದೆರಡು ಡಿಗ್ರಿಯಷ್ಟೇ ಹೆಚ್ಚಿದ್ದು, ಮೋಡವೂ ಗಾಳಿಯೂ ಇಲ್ಲದ ಚಳಿಗಾಲದ ರಾತ್ರಿಗಳಲ್ಲಿ ಒಮ್ಮೊಮ್ಮೆ ಹೊರಗಿಗಿಂತ ಕಡಿಮೆಯೂ ಆಗುತ್ತದೆ. ಹಗಲಿನ ಕಾವನ್ನು ಉಳಿಸಿಕೊಂಡು ರಾತ್ರಿಯ ಚಳಿಯಿಂದ ಗಿಡವನ್ನು ಕಾಪಾಡುತ್ತದೆ ಎಂಬ ಭರವಸೆಯಿಂದ ಪಾಲಿಹೌಸ್ ಕಟ್ಟಲು ಹೊರಡುವವರು ಇದನ್ನು ಮೊದಲೇ ತಿಳಿದಿರಬೇಕು.

ಟೊಮೆಟೊ ಗಿಡಕ್ಕೆ ಬೇಕಾದದ್ದೇನು ಎಂಬುದನ್ನು ಅದರ ಹುಟ್ಟೂರೇ ಹೇಳುತ್ತದೆ. ಅದರ ಕಾಡುಪೂರ್ವಜರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಪಶ್ಚಿಮ ಮಗ್ಗುಲಿನವು. ಸಾಗುವಳಿಯ ಬೆಳೆಯಾಗಿ ಅದು ಪಳಗಿದ್ದು ಮೆಕ್ಸಿಕೊದಲ್ಲಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಪೇಟೆಯಲ್ಲಿ ರಾಶಿ ಬಿದ್ದಿದ್ದ ನಿಂಬೆ, ಕಿತ್ತಳೆ, ದ್ರಾಕ್ಷಿ, ಬದನೆಗಳನ್ನು ದಾಖಲಿಸಿದ್ದಾನೆ. ಆ ಪಟ್ಟಿಯಲ್ಲಿ ಟೊಮೆಟೊ ಇರಲು ಸಾಧ್ಯವಿರಲಿಲ್ಲ, ಏಕೆಂದರೆ ಯುರೋಪಿನಲ್ಲೇ ಅದರ ಮೊದಲ ಲಿಖಿತ ವರ್ಣನೆ ದೊರೆಯುವುದು 1544ರಲ್ಲಿ, ಇಟಲಿಯ ಮಟ್ಟಿಯೋಲಿಯ ಗ್ರಂಥದಲ್ಲಿ. ಬದನೆ ಮತ್ತು ಟೊಮೆಟೊ ಒಂದೇ ಕುಲದ ಸಸ್ಯಗಳಾದರೂ ಬದನೆ ನಮ್ಮ ಬಿಸಿಲಿನಲ್ಲೇ ಬೆಳೆದು ಬಂದ ಗಿಡ. ಟೊಮೆಟೊ ಮಾತ್ರ ಬೆಚ್ಚಗಿನ ಹಗಲನ್ನೂ ತಂಪಾದ ರಾತ್ರಿಯನ್ನೂ ಒಟ್ಟಿಗೆ ಬಯಸುತ್ತದೆ. ಹಗಲು 20ರಿಂದ 28 ಡಿಗ್ರಿ ಸೆಲ್ಸಿಯಸ್, ರಾತ್ರಿ 15ರಿಂದ 20 ಡಿಗ್ರಿ ಇದ್ದರೆ ಅದು ಸುಖವಾಗಿ ಕಾಯಿ ಕಚ್ಚುತ್ತದೆ. ಹಗಲು 35 ಡಿಗ್ರಿ ದಾಟಿ ರಾತ್ರಿ 24–25 ಡಿಗ್ರಿಗಿಂತ ಕೆಳಗಿಳಿಯದೆ ಹೋದರೆ ಪರಾಗ ಬರಡಾಗುತ್ತದೆ, ಶಲಾಕಾಗ್ರ ಪರಾಗಕೋಶಗಳ ಕೊಳವೆಯಿಂದ ಹೊರಕ್ಕೆ ಚಾಚಿಕೊಂಡು ಪರಾಗಕ್ಕೆ ಎಟುಕದಾಗುತ್ತದೆ, ಹೂವು ತೊಟ್ಟಿನ ಗಂಟಿನ ಬಳಿ ಕಳಚಿ ಬೀಳುತ್ತದೆ. ಇನ್ನೂ ಕಷ್ಟದ ಸಂಗತಿಯೆಂದರೆ ಪರಾಗಕ್ಕೆ ಈ ಪೆಟ್ಟು ಬೀಳುವುದು ಹೂ ಅರಳುವುದಕ್ಕೆ ಒಂದೆರಡು ವಾರ ಮೊದಲು, ಮೊಗ್ಗಿನ ಹಂತದಲ್ಲಿ. ಆದ್ದರಿಂದ ಇಂದು ಹೂ ಉದುರಿದ್ದಕ್ಕೆ ಇಂದಿನ ಬಿಸಿಲನ್ನು ದೂರಿ ಔಷಧಿ ಸಿಂಪಡಿಸುವುದರಿಂದ ಪ್ರಯೋಜನವಿಲ್ಲ. ಹಣ್ಣಿನ ಬಣ್ಣದ ಮಾತೂ ಹೀಗೆಯೇ. ಕೆಂಪು ಕೊಡುವ ಲೈಕೊಪೀನ್ ಎಂಬ ವರ್ಣದ್ರವ್ಯ 30 ಡಿಗ್ರಿಗಿಂತ ಮೇಲೆ ಸರಿಯಾಗಿ ರೂಪುಗೊಳ್ಳದೆ, ಹಳದಿ ಕೊಡುವ ಕೆರೋಟಿನ್ ಮಾತ್ರ ಉಳಿದು, ಬೇಸಿಗೆಯ ಹಣ್ಣು ಕಿತ್ತಳೆ ಬಣ್ಣಕ್ಕೇ ನಿಂತುಬಿಡುತ್ತದೆ.

ಈ ಅಗತ್ಯಗಳನ್ನು ತುಂಗಭದ್ರೆಯ ದಂಡೆಯ ಹವೆಯೊಡನೆ ಹೋಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊಸಪೇಟೆಯ ಹಗಲು 40 ಡಿಗ್ರಿಯನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ, ಬಂಡೆಗುಡ್ಡಗಳು ಹಗಲಿಡೀ ಹೀರಿದ ಕಾವನ್ನು ರಾತ್ರಿ ಬಿಡುತ್ತಿರುವುದರಿಂದ ಬೆಳಗಿನ ಜಾವಕ್ಕೂ 25 ಡಿಗ್ರಿ ಉಳಿದಿರುತ್ತದೆ. ಅದೇ ಡಿಸೆಂಬರ್, ಜನವರಿಯಲ್ಲಿ ಹಗಲು 30ರ ಆಸುಪಾಸು, ರಾತ್ರಿ 15ರಿಂದ 18ರ ನಡುವೆ. ಟೊಮೆಟೊಗೆ ಇದಕ್ಕಿಂತ ಹಿತವಾದ ಹವೆಯನ್ನು ಯಾವ ಕಟ್ಟಡವೂ ಒದಗಿಸಲಾರದು. ಚಳಿದೇಶದವನು ಹಣ ಸುರಿದು ಕಟ್ಟಿಕೊಳ್ಳುವ ಹವೆ ನಮ್ಮಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಬಯಲಿನಲ್ಲೇ ಪುಕ್ಕಟೆಯಾಗಿ ಸಿಗುತ್ತದೆ. ಹಣ ಸುರಿದು ಹಾಳೆ ಹೊದಿಸಿದರೆ ಬೇಸಿಗೆಯ ಬಿಸಿಲು ಇನ್ನಷ್ಟು ಏರುತ್ತದೆ. ಆದ್ದರಿಂದ ಶಾಖದ ದೃಷ್ಟಿಯಿಂದ ಮಾತ್ರ ನೋಡಿದರೆ ಹೊಸಪೇಟೆಯ ಬಯಲಿಗೆ ಪ್ಲಾಸ್ಟಿಕ್ ಹಾಳೆಯ ಮನೆ ಬೇಕಾಗಿಲ್ಲ.

ಹೀಗಿದ್ದೂ ಪಾಲಿಹೌಸಿನ ಆಸೆ ಹುಟ್ಟುವುದು ಜುಲೈ, ಆಗಸ್ಟ್ ತಿಂಗಳುಗಳ ದರದಿಂದ. 2023ರ ಆ ಎರಡು ತಿಂಗಳುಗಳಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿ ದಾಟಿ ಏರಿದ್ದು, ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಬಾಕ್ಸಿಗೆ 2,000 ರೂಪಾಯಿಗೂ ಹೆಚ್ಚು ಸಿಕ್ಕಿದ್ದು ಎಲ್ಲರ ನೆನಪಿನಲ್ಲಿದೆ. ಆ ದರವನ್ನು ಹಿಡಿಯಬೇಕೆಂದರೆ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದೊಳಗೆ ಸಸಿ ನೆಟ್ಟಿರಬೇಕು, ಏಕೆಂದರೆ ನಾಟಿಯಿಂದ ಮೊದಲ ಕೊಯ್ಲಿಗೆ ಸುಮಾರು 60ರಿಂದ 75 ದಿನ ಹಿಡಿಯುತ್ತದೆ. ಅಂದರೆ ಮೊಗ್ಗು ಕಟ್ಟುವ ಕಾಲ ಮೇ ತಿಂಗಳ ನಟ್ಟನಡುವೆ ಬೀಳುತ್ತದೆ. ಜುಲೈಯಲ್ಲಿ ಹಣ್ಣು ತುಟ್ಟಿಯಾಗುವುದಕ್ಕೆ ಒಂದು ಮುಖ್ಯ ಕಾರಣವೇ ಬಿಸಿಲುನಾಡುಗಳ ಹೊಲಗಳಲ್ಲಿ ಮೇ ತಿಂಗಳ ಹೂವು ನಿಲ್ಲದಿರುವುದು. ಯಾವ ಕಾವು ಆ ದರವನ್ನು ಸೃಷ್ಟಿಸುತ್ತದೆಯೋ ಅದೇ ಕಾವು ಹೊಸಪೇಟೆಯ ಪಾಲಿಹೌಸಿನೊಳಗೂ ಹೂ ಉದುರಿಸುತ್ತದೆ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ, ಹೊಸಪೇಟೆ 480 ಮೀಟರಿನ ಆಸುಪಾಸಿನಲ್ಲಿದೆ. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಎತ್ತಿ ತರುವುದು ಸಲ್ಲದು.

ಹಾಗಾದರೆ ಮುಚ್ಚಿಗೆಯೇ ಬೇಡವೇ ಎಂದರೆ, ಬೇಕು, ಆದರೆ ಬೇರೆಯೇ ಕಾರಣಕ್ಕೆ. ಈ ಭಾಗದ ಟೊಮೆಟೊವನ್ನು ಬಿಸಿಲಿನ ನಂತರ ಅತಿ ಹೆಚ್ಚು ಕಾಡುವುದು ಎಲೆ ಮುದುರು ರೋಗ. ಇದನ್ನು ತರುವ ವೈರಸ್ ಗುಂಪಿನ ಒಂದು ಪ್ರಭೇದ ಬೆಂಗಳೂರಿನ ಹೆಸರನ್ನೇ ಹೊತ್ತಿದೆ. ಹರಡುವುದು ಬಿಳಿನೊಣ, ಅಂದರೆ ಎಲೆಯಡಿಯಲ್ಲಿ ಕುಳಿತು ರಸ ಹೀರುವ, ಸುಮಾರು ಒಂದು ಮಿಲಿಮೀಟರ್ ಉದ್ದದ ಕೀಟ. ರೋಗದ ಗಿಡದ ರಸ ಹೀರಿದ ನೊಣ ಮುಂದೆ ಹಲವು ದಿನ ಹೋದ ಹೋದ ಗಿಡಕ್ಕೆ ವೈರಸ್ಸನ್ನು ದಾಟಿಸುತ್ತಲೇ ಇರುತ್ತದೆ. ನಾಟಿಯಾದ ಮೊದಲ ತಿಂಗಳಲ್ಲಿ ಸೋಂಕು ತಗುಲಿದ ಗಿಡ ಕುಬ್ಜವಾಗಿ ಉಳಿದು ಕಾಯಿ ಕೊಡುವುದೇ ಇಲ್ಲ, ತಗುಲಿದ ಮೇಲೆ ಗುಣಪಡಿಸುವ ಔಷಧಿಯೂ ಇಲ್ಲ. ಇದರ ಜೊತೆಗೆ ದಕ್ಷಿಣ ಅಮೆರಿಕದಿಂದ ಲೋಕವೆಲ್ಲ ಹರಡಿ 2014ರಲ್ಲಿ ಭಾರತದಲ್ಲಿ ಮೊದಲು ಕಂಡ ಟುಟಾ ಎಂಬ ಪತಂಗದ ಹುಳು ಎಲೆಯ ಪದರದೊಳಗೆ ಸುರಂಗ ಕೊರೆದು ಕಾಯಿಯನ್ನೂ ತೂತು ಮಾಡುತ್ತದೆ. ಇವೆರಡನ್ನೂ ಹೊರಗಿಡುವ ಸಾಧನ ಪ್ಲಾಸ್ಟಿಕ್ ಹಾಳೆಯಲ್ಲ, 40ರಿಂದ 50 ಮೆಷ್‌ನ ಕೀಟತಡೆ ಬಲೆ. ಮೆಷ್ ಎಂದರೆ ಒಂದು ಅಂಗುಲ ಉದ್ದದಲ್ಲಿ ಇರುವ ಕಣ್ಣುಗಳ ಸಂಖ್ಯೆ.

ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ನದಿಯ ಆಚೆ ದಡದ ಕೊಪ್ಪಳ ಜಿಲ್ಲೆಯ ಕುಷ್ಟಗಿ ಭಾಗದಲ್ಲಿಯೂ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಭಾಗದಲ್ಲಿಯೂ ತರಕಾರಿಗಳ ಸಂಕರಣ ಬೀಜ ಉತ್ಪಾದಿಸುವ ಸಣ್ಣ ಹಿಡುವಳಿದಾರರು ಬಹುಕಾಲದಿಂದ ಟೊಮೆಟೊ, ಮೆಣಸಿನಕಾಯಿಗಳನ್ನು ಬಲೆಮನೆಯೊಳಗೆ ಬೆಳೆಯುತ್ತಿದ್ದಾರೆ. ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಕೈಯಿಂದ ಮುಟ್ಟಿಸುವ ಆ ಕೆಲಸದಲ್ಲಿ ಒಂದು ಗಿಡ ವೈರಸ್ಸಿಗೆ ಸಿಕ್ಕರೂ ನಷ್ಟ ದೊಡ್ಡದು. ಆದರೂ ಅವರು ನೆಚ್ಚಿದ್ದು ಬಲೆಯನ್ನು, ಹಾಳೆಯನ್ನಲ್ಲ. ವಿಜ್ಞಾನ ಹೇಳುವುದನ್ನು ಅನುಭವದಿಂದಲೇ ಕಂಡುಕೊಂಡ ಈ ಕುಟುಂಬಗಳ ಜಾಣ್ಮೆಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಬಲೆಗೂ ಒಂದು ಬೆಲೆ ಇದೆ. ಕಣ್ಣು ಸಣ್ಣದಾದಷ್ಟೂ ಗಾಳಿಯ ಓಡಾಟ ಕುಗ್ಗುತ್ತದೆ, ಧೂಳು ಕೂತರೆ ಇನ್ನಷ್ಟು ಕುಗ್ಗುತ್ತದೆ. ಕೀಟ ಬಾರದಿರಲೆಂದು ಕಣ್ಣು ಕಿರಿದಾಗಿಸಿದರೆ ಕಾವು ಒಳಗೇ ಉಳಿಯುತ್ತದೆ, ಕಾವು ಹೋಗಲೆಂದು ಹಿರಿದಾಗಿಸಿದರೆ ಬಿಳಿನೊಣ ನುಸುಳುತ್ತದೆ. ಈ ಇಕ್ಕಟ್ಟಿಗೆ ಉತ್ತರ ಎತ್ತರ. ನಾಲ್ಕರಿಂದ ಐದು ಮೀಟರ್ ಎತ್ತರದ ಮನೆಯಲ್ಲಿ ಕಾದ ಗಾಳಿ ಗಿಡದ ತಲೆಯಿಂದ ಬಹಳ ಮೇಲೆ ನಿಲ್ಲುತ್ತದೆ, ಪಕ್ಕದ ಗೋಡೆಯ ಬಲೆಯ ವಿಸ್ತೀರ್ಣವೂ ಹೆಚ್ಚಿ ಕಣ್ಣು ಕಿರಿದಾದ ನಷ್ಟ ಭರ್ತಿಯಾಗುತ್ತದೆ. ಖರ್ಚು ಉಳಿಸಲು ತಗ್ಗಿನ ಮನೆ ಕಟ್ಟುವುದು ಈ ಸೀಮೆಯಲ್ಲಿ ಆಗುವ ಅತ್ಯಂತ ಸಾಮಾನ್ಯ ತಪ್ಪು. ಬಾಗಿಲು ಒಂದರ ಹಿಂದೆ ಇನ್ನೊಂದರಂತೆ ಎರಡು ಇರಬೇಕು ಮತ್ತು ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ದಿನಕ್ಕೆ ಹತ್ತು ಸಲ ಒಂದೇ ಬಾಗಿಲನ್ನು ತೆರೆದಿಟ್ಟು ಓಡಾಡುವ ಮನೆಗೆ ಬಲೆ ಹಾಕಿದ್ದೂ ಒಂದೇ, ಹಾಕದಿದ್ದೂ ಒಂದೇ.

ಛಾವಣಿಯ ನೆರಳಿನ ವಿಷಯದಲ್ಲಿ ಅಂಗಡಿಯವರು ಕೊಡುವ ಹಸಿರು ಬಣ್ಣದ 50 ಶೇಕಡಾ ಬಲೆಯನ್ನೇ ಕಣ್ಣುಮುಚ್ಚಿ ತರುವ ರೂಢಿ ಬೆಳೆದಿದೆ. 50 ಶೇಕಡಾ ಎಂದರೆ ಬೀಳುವ ಬಿಸಿಲಿನ ಅರ್ಧದಷ್ಟನ್ನು ತಡೆಯುವ ಬಲೆ. ಎಲೆತರಕಾರಿಗೂ ಸಸಿಮಡಿಗೂ ಅದು ಸರಿ, ಆದರೆ ಹೇರಳ ಬೆಳಕು ಬೇಡುವ ಟೊಮೆಟೊ ಅದರಡಿಯಲ್ಲಿ ಗೆಣ್ಣು ನೀಳವಾಗಿ ಬೆಳೆದು ಹೂಗೊಂಚಲು ಕಡಿಮೆ ಕೊಡುತ್ತದೆ. ಅದಕ್ಕೆ 35 ಶೇಕಡಾ ಸಾಕು. ಬಣ್ಣವೂ ಮುಖ್ಯ. ಹಸಿರು ಮತ್ತು ಕಪ್ಪು ಬಲೆ ಬಿಸಿಲನ್ನು ಹೀರಿ ತಾನೇ ಕಾಯುತ್ತದೆ, ಬಿಳಿ ಅಥವಾ ಅಲ್ಯೂಮಿನಿಯಂ ಲೇಪದ ಬಲೆ ಬಿಸಿಲನ್ನು ಹಿಂದಕ್ಕೆ ಎರಚಿ ಒಳಬರುವ ಬೆಳಕನ್ನು ಹರಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಛಾವಣಿಯ ನೆರಳುಬಲೆಯನ್ನು ಕೊಳವೆಗೆ ಬಿಗಿದು ಕಟ್ಟದೆ, ತಂತಿಯ ಮೇಲೆ ಸರಿಯುವಂತೆ ಕಟ್ಟಿ, ಮೋಡ ಕವಿದ ದಿನಗಳಲ್ಲಿಯೂ ಚಳಿಗಾಲದಲ್ಲಿಯೂ ಸರಿಸಿಡುವಂತಿರಬೇಕು. ಕೀಟಬಲೆ ಸದಾ ಇರಲಿ, ನೆರಳು ಮಾತ್ರ ಬೇಕಾದಾಗ ಬರಲಿ.

ಇಂಥ ಮನೆಗೆ ಹೊಂದುವ ಪಂಚಾಂಗ ನಮ್ಮ ರೈತರಿಗೆ ತಿಳಿಯದ್ದೇನಲ್ಲ. ಆಗಸ್ಟ್ ಉತ್ತರಾರ್ಧದ ಮಘೆ ಮಳೆಯ ಹೊತ್ತಿಗೆ ತೆಂಗಿನ ನಾರಿನ ಪುಡಿ ತುಂಬಿದ ಸಸಿ ತಟ್ಟೆಗಳಲ್ಲಿ ಬೀಜ ಹಾಕಿ, ಅವನ್ನೂ ಕೀಟಬಲೆಯೊಳಗೇ ಇರಿಸಿ, 25ರಿಂದ 30 ದಿನಗಳ ಸಸಿಯನ್ನು ಸೆಪ್ಟೆಂಬರ್ ನಡುವಿನ ಉತ್ತರೆ ಮಳೆಯಲ್ಲಿ ನೆಟ್ಟರೆ, ಮೊದಲ ಹೂಗೊಂಚಲು ಅಕ್ಟೋಬರ್ ಮಧ್ಯದಲ್ಲಿ, ರಾತ್ರಿಗಳು ತಂಪಾಗತೊಡಗುವ ಹೊತ್ತಿಗೆ ಅರಳುತ್ತದೆ. ನವೆಂಬರ್ ಕೊನೆಗೆ ಮೊದಲ ಕೊಯ್ಲು. ಎತ್ತರಕ್ಕೆ ಬೆಳೆಯುತ್ತಲೇ ಹೋಗುವ ತಳಿಯಾದರೆ ಮಾರ್ಚ್‌ವರೆಗೂ ಗೊಂಚಲುಗಳು ಬರುತ್ತಲೇ ಇರುತ್ತವೆ. ಒಂದು ಎತ್ತರಕ್ಕೆ ನಿಲ್ಲುವ ತಳಿಗಳನ್ನು ಬಯಲಿಗೆ ಬಿಟ್ಟು, ಬಲೆಮನೆಯ ಎತ್ತರವನ್ನು ಪೂರ್ತಿ ಬಳಸಿಕೊಳ್ಳುವ ಬಳ್ಳಿಜಾತಿಯ ತಳಿಗಳನ್ನೇ ಒಳಗೆ ಬೆಳೆಯುವುದು ಜಾಣತನ. ಬಯಲಿನವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ರಕ್ಷಕ್ ಇದೆ. ಎಲೆ ಮುದುರು, ದುಂಡಾಣು ಸೊರಗು ಮತ್ತು ಎಲೆ ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆದುಕೊಳ್ಳುವ ಈ ಸಂಕರಣ ತಳಿ ಹಲವರಿಗೆ ಬಲೆಮನೆಯ ಖರ್ಚನ್ನೇ ಉಳಿಸಬಲ್ಲದು.

ಬಲೆಯೊಳಗೆ ಬಂದ ಮೇಲೆ ಬೆಳೆಗಾರನು ಹೊಸದಾಗಿ ವಹಿಸಿಕೊಳ್ಳಬೇಕಾದ ಕೆಲಸ ಪರಾಗಸ್ಪರ್ಶದ್ದು. ಟೊಮೆಟೊ ಹೂ ತನ್ನ ಪರಾಗದಿಂದಲೇ ಕಾಯಿ ಕಚ್ಚುತ್ತದೆ, ಆದರೆ ಆ ಪರಾಗ ಕೊಳವೆಯಂತೆ ಕೂಡಿಕೊಂಡ ಪರಾಗಕೋಶಗಳ ಒಳಗಿದ್ದು, ಹೂ ನಡುಗಿದಾಗ ಮಾತ್ರ ಉದುರುತ್ತದೆ. ಬಯಲಿನಲ್ಲಿ ಗಾಳಿಯೂ, ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ಹೂವನ್ನು ನಡುಗಿಸುವ ಬಡಗಿ ದುಂಬಿ, ನೀಲಿಪಟ್ಟಿ ಜೇನ್ನೊಣಗಳೂ ಈ ಕೆಲಸ ಮಾಡುತ್ತವೆ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಜೇನಿಗೆ ಆ ವಿದ್ಯೆ ಇಲ್ಲ. ಯುರೋಪಿನಲ್ಲಿ 1987ರಿಂದ ಈ ಕೆಲಸಕ್ಕೆಂದೇ ಬಂಬಲ್ ಎಂಬ ರೋಮಭರಿತ ದುಂಬಿಗಳನ್ನು ಸಾಕಿ ಮಾರುತ್ತಾರೆ, ಆದರೆ ಭಾರತದಲ್ಲಿ ಅವು ಹಿಮಾಲಯದ ತಂಪಿನವು. ಹೊಸಪೇಟೆಯ ಬಲೆಮನೆಯಲ್ಲಿ ಉಳಿಯುವ ದಾರಿ ಒಂದೇ: ಹೂ ಬಿಟ್ಟ ದಿನಗಳಲ್ಲಿ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ, ಗಿಡಗಳನ್ನು ತೂಗುಹಾಕಿದ ತಂತಿಯನ್ನು ಕೋಲಿನಿಂದ ಹಗುರವಾಗಿ ತಟ್ಟುತ್ತ ಸಾಲಿನುದ್ದ ನಡೆಯುವುದು. ಖರ್ಚಿಲ್ಲದ ಈ ಕೆಲಸವನ್ನು ಬಿಟ್ಟವರು ಕಾಯಿ ನಿಲ್ಲಲಿಲ್ಲವೆಂದು ಗೊಬ್ಬರವನ್ನು ದೂರುವುದುಂಟು. ಉಳಿದಂತೆ ಕಂಕುಳ ಚಿಗುರು ಚಿವುಟಿ ಒಂದೇ ಕಾಂಡ ಉಳಿಸುವುದು, ಕೊಯ್ಲಾದ ಗೊಂಚಲಿನ ಕೆಳಗಿನ ಎಲೆ ತೆಗೆಯುವುದು, ಹನಿ ನೀರನ್ನು ಒಂದು ದಿನ ಸುರಿದು ಮೂರು ದಿನ ಮರೆಯದೆ ನಿತ್ಯವೂ ಸ್ವಲ್ಪ ಸ್ವಲ್ಪವೇ ಕೊಡುವುದು ಎಲ್ಲರಿಗೂ ತಿಳಿದ ಕ್ರಮಗಳೇ. ನೀರಿನ ಏರುಪೇರಿನಿಂದ ಸುಣ್ಣದಂಶ ಕಾಯಿಗೆ ತಲುಪದೆ ಅದರ ತಳ ಕಪ್ಪಾಗುವುದನ್ನು ರೋಗವೆಂದು ಭಾವಿಸಿ ಸಿಂಪಡಣೆ ಮಾಡುವುದು ಮಾತ್ರ ನಿಲ್ಲಬೇಕು.

ಇಲ್ಲಿಯವರೆಗೆ ಹೇಳಿದ್ದು ಹೊಸಪೇಟೆಯ ಬಯಲಿನ ಮಾತು. ಇಪ್ಪತ್ತು ಮೂವತ್ತು ಕಿಲೋಮೀಟರ್ ದಾಟಿದರೆ ಲೆಕ್ಕ ಬದಲಾಗುತ್ತದೆ. ಸಂಡೂರಿನ ಬೆಟ್ಟಸಾಲು ಬಯಲಿಗಿಂತ ನೂರಾರು ಮೀಟರ್ ಎತ್ತರದ್ದು. ಬಳ್ಳಾರಿಯ ಸೈನಿಕರು ಬೇಸಿಗೆಯ ಬೇಗೆಯಿಂದ ಚೇತರಿಸಿಕೊಳ್ಳಲೆಂದು ಬ್ರಿಟಿಷರು 19ನೇ ಶತಮಾನದಲ್ಲಿ ಆರಿಸಿಕೊಂಡ ಗಿರಿಧಾಮ ಈ ಸಾಲಿನ ರಾಮನದುರ್ಗವೇ ಆಗಿತ್ತು ಎಂಬುದು ಇಲ್ಲಿನ ತಂಪಿಗೆ ಹಳೆಯ ಪ್ರಮಾಣಪತ್ರ. ಕಣಿವೆಯ ಹಳ್ಳಿಗಳಲ್ಲಿ ಮಳೆಗಾಲ ಹೆಚ್ಚು ತೇವದ್ದು, ಸಂಜೆಗಳು ತಂಪು. ಇಲ್ಲಿ ಜೂನ್ ಕೊನೆಗೆ ನೆಟ್ಟ ಟೊಮೆಟೊಗೆ ಎಲೆ ಅಂಗಮಾರಿಯೂ ಮಳೆಯಿಂದ ಹಣ್ಣು ಸೀಳುವುದೂ ಮುಖ್ಯ ತೊಂದರೆ. ಮೇಲೆ ಮಾತ್ರ ಹಾಳೆ, ನಾಲ್ಕೂ ಪಕ್ಕ ಪೂರ್ತಿ ಬಲೆ ಇರುವ ಮಳೆಮರೆ ಮನೆಗೆ ಈ ಭಾಗದಲ್ಲಿ ನಿಜವಾದ ಅರ್ಹತೆ ಇರುವುದು ಸಂಡೂರಿಗೆ. ಆದರೆ ಕಬ್ಬಿಣದ ಅದಿರಿನ ಕೆಂಧೂಳು ಇಲ್ಲಿನ ವಿಶೇಷ ಶತ್ರು. ಅದಿರಿನ ಲಾರಿಗಳು ಓಡುವ ದಾರಿಯ ಬದಿಯಲ್ಲಿ ಕಟ್ಟಿದ ಮನೆಯ ಹಾಳೆಯ ಮೇಲೆ ಧೂಳು ಕೂತು ಬೆಳಕು ಕುಗ್ಗುತ್ತದೆ, ಬಲೆಯ ಕಣ್ಣು ಮುಚ್ಚಿ ಗಾಳಿ ನಿಲ್ಲುತ್ತದೆ. ರಸ್ತೆಯಿಂದ ದೂರದ ಜಾಗವನ್ನು ಆರಿಸಿಕೊಂಡು, ಮಳೆಯಿಲ್ಲದ ವಾರಗಳಲ್ಲಿ ಛಾವಣಿ ತೊಳೆಯುವ ನೀರನ್ನೂ ಖರ್ಚಿನಲ್ಲಿ ಸೇರಿಸಿಯೇ ಇಲ್ಲಿನ ರೈತ ಲೆಕ್ಕ ಹಾಕಬೇಕು.

ಕಂಪ್ಲಿಯದು ಇದಕ್ಕೆ ತದ್ವಿರುದ್ಧ. ಕಾಲುವೆ ನೀರು, ಭತ್ತದ ಗದ್ದೆ, ಎರೆಭೂಮಿ. ಗದ್ದೆಗಳ ನಡುವಿನ ಮನೆಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ರಾತ್ರಿಯ ತೇವ ಎಲೆಯ ಮೇಲೆ ಇಬ್ಬನಿಯಾಗಿ ನಿಂತು ಬೂಷ್ಟು ರೋಗಗಳಿಗೆ ಹಾಸಿಗೆಯಾಗುತ್ತದೆ. ಹಾಳೆ ಮುಚ್ಚಿದ ಮನೆ ಇಲ್ಲಿ ಬೆಳಗಿನ ಹೊತ್ತು ಹನಿ ತೊಟ್ಟಿಕ್ಕುತ್ತದೆ, ಬಲೆಮನೆ ಬೇಗ ಆರುತ್ತದೆ. ನೀರು ಬಸಿಯದ ಎರೆಮಣ್ಣಿನಲ್ಲಿ ಒಂದಡಿಗೂ ಎತ್ತರದ ಏರುಮಡಿ ಇಲ್ಲದೆ ಟೊಮೆಟೊ ನೆಡಬಾರದು. ಹಂಪಿಯ ಸುತ್ತಲಿನ ಹಳ್ಳಿಗಳಿಗೆ ಕೃಷಿಗಿಂತ ಕಾನೂನಿನ ಮಾತು ಮುಖ್ಯ: 1986ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಈ ಪ್ರದೇಶದ ರಕ್ಷಿತ ವಲಯದಲ್ಲಿ ಕಂಬ ನೆಟ್ಟು ಕಟ್ಟುವ ಯಾವುದೇ ಮನೆಗೆ ಮುಂದಾಗುವ ಮೊದಲು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ವಿಚಾರಿಸಿಕೊಳ್ಳಬೇಕು.

ಇನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಮನೆ ಖಾಲಿ ಬಿದ್ದಿರಬೇಕೇ ಎಂಬ ಆಕ್ಷೇಪ. ಖಾಲಿ ಬಿಡುವುದೇ ಆ ಕಾಲದ ದೊಡ್ಡ ಬೇಸಾಯ. ಒಂದೇ ಮಣ್ಣಿನಲ್ಲಿ ವರ್ಷ ವರ್ಷ ಟೊಮೆಟೊ ಬೆಳೆದಾಗ ಬೇರುಗಂಟು ಜಂತುಹುಳು, ಅಂದರೆ ಬೇರಿನೊಳಗೆ ಸೇರಿ ಗಂಟು ಎಬ್ಬಿಸುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ಸೊರಗು ರೋಗಾಣುಗಳೊಂದಿಗೆ ಸೇರಿ ಮೂರ್ನಾಲ್ಕು ವರ್ಷಗಳಲ್ಲಿ ಮನೆಯನ್ನೇ ನಿರುಪಯುಕ್ತ ಮಾಡಬಲ್ಲದು. ರಾಜ್ಯದಲ್ಲಿ ಎಷ್ಟೋ ಪಾಲಿಹೌಸುಗಳು ಬರಿಯ ಕೊಳವೆಗಳ ಅಸ್ಥಿಪಂಜರವಾಗಿ ನಿಂತಿರುವುದಕ್ಕೆ ಇದೂ ಒಂದು ಕಾರಣ. ಮಣ್ಣನ್ನು ಚೆನ್ನಾಗಿ ತೋಯಿಸಿ, 25 ಮೈಕ್ರಾನ್‌ನ ಪಾರದರ್ಶಕ ಹಾಳೆಯನ್ನು ನೆಲಕ್ಕೆ ಅಂಟುವಂತೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲ್ಮಣ್ಣು 50 ಡಿಗ್ರಿಯ ಆಸುಪಾಸಿಗೆ ಕಾದು ಹುಳು, ಶಿಲೀಂಧ್ರ, ಕಳೆಬೀಜ ಬಹುಪಾಲು ಸಾಯುತ್ತವೆ. ಇದಕ್ಕೆ ಮಣ್ಣಿನ ಸೂರ್ಯೀಕರಣ ಎಂದು ಹೆಸರು. ಚಳಿದೇಶದ ತೋಟಗಾರನು ಹಬೆಯಿಂದಲೋ ವಿಷದಿಂದಲೋ ಮಾಡಬೇಕಾದುದನ್ನು ಹೊಸಪೇಟೆಯ ಮೇ ತಿಂಗಳು ಬಿಟ್ಟಿಯಾಗಿ ಮಾಡಿಕೊಡುತ್ತದೆ. ಹಾಳೆಯ ಛಾವಣಿಯಿರುವ ಮನೆಯಲ್ಲಿ ಮಳೆ ಬೀಳದ ಕಾರಣ ಗೊಬ್ಬರದ, ಕೊಳವೆಬಾವಿ ನೀರಿನ ಉಪ್ಪಿನಂಶ ಮೇಲ್ಮಣ್ಣಿನಲ್ಲಿ ಕೂಡುತ್ತಲೇ ಹೋಗುತ್ತದೆ. ಸವಳು ಮೊದಲೇ ಕಾಡುವ ಕಾಲುವೆ ಪ್ರದೇಶದಲ್ಲಿ ಇದು ಉಪೇಕ್ಷಿಸುವ ವಿಷಯವಲ್ಲ. ಬಲೆಮನೆಯಲ್ಲಿ ಮಳೆಗಾಲದ ನಾಲ್ಕು ಒಳ್ಳೆಯ ಮಳೆಗಳೇ ಆ ಉಪ್ಪನ್ನು ಕೆಳಗೆ ತೊಳೆದುಬಿಡುತ್ತವೆ.

ಯಂತ್ರದಿಂದ ತಂಪು ಮಾಡಿಯಾದರೂ ಬೇಸಿಗೆ ಬೆಳೆ ತೆಗೆಯಬಾರದೇ ಎಂಬವರಿಗೆ ಭೌತವಿಜ್ಞಾನ ಅಡ್ಡಿಯಲ್ಲ. 40 ಡಿಗ್ರಿಯ, 20 ಶೇಕಡಾ ತೇವದ ಒಣಗಾಳಿ ನೀರನ್ನು ಪೂರ್ತಿ ಹೀರಿಕೊಂಡರೆ 22–23 ಡಿಗ್ರಿಗೆ ಇಳಿಯಬಲ್ಲದು. ಒದ್ದೆ ಪರದೆಯ ಮೂಲಕ ಫ್ಯಾನಿನಿಂದ ಗಾಳಿ ಎಳೆಯುವ ವ್ಯವಸ್ಥೆ ಇದರ ಬಹುಭಾಗವನ್ನು ಸಾಧಿಸುತ್ತದೆ. ಅಡ್ಡಿ ಇರುವುದು ನೀರು ಮತ್ತು ವಿದ್ಯುತ್ತಿನಲ್ಲಿ. ಕಾಲುವೆಗಳು ನಿಲ್ಲುವ, ಕೊಳವೆಬಾವಿಗಳು ಇಳಿಯುವ ತಿಂಗಳುಗಳಲ್ಲೇ ಈ ಯಂತ್ರ ಅತಿ ಹೆಚ್ಚು ನೀರು ಕೇಳುತ್ತದೆ, ಗಡಸು ನೀರಾದರೆ ಪರದೆಯಲ್ಲೂ ಮಂಜುಹನಿ ಎರಚುವ ಫಾಗರ್ ಮೂತಿಯಲ್ಲೂ ಸುಣ್ಣ ಕಟ್ಟುತ್ತದೆ, ಮಧ್ಯಾಹ್ನ ಎರಡು ತಾಸು ಕರೆಂಟು ಹೋದರೆ ಮುಚ್ಚಿದ ಮನೆ ಒಲೆಯಾಗುತ್ತದೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು 2024ರ ಆಗಸ್ಟಿನಲ್ಲಿ ಕೊಚ್ಚಿಹೋದಾಗ ಈ ಸೀಮೆಯ ಬೇಸಾಯವೆಲ್ಲ ಎಷ್ಟು ತೆಳುವಾದ ಭರವಸೆಯ ಮೇಲೆ ನಿಂತಿದೆ ಎಂಬುದು ಕಂಡಿತು. ಬೀಜೋತ್ಪಾದನೆಯಂಥ ಹೆಚ್ಚು ಬೆಲೆಯ ಕೆಲಸಕ್ಕೆ ಹೊರತು, ಮಾರುಕಟ್ಟೆಗೆ ಹೋಗುವ ಸಾಮಾನ್ಯ ಟೊಮೆಟೊಗೆ ಈ ಖರ್ಚು ಸಲ್ಲದು ಎಂಬುದೇ ಈ ಅಂಕಣದ ನಿಲುವು.

ತೋಟಗಾರಿಕೆ ಇಲಾಖೆಯ ಮೂಲಕ ಸಂರಕ್ಷಿತ ಬೇಸಾಯಕ್ಕೆ ದೊರೆಯುವ 50 ಶೇಕಡಾ ಸಹಾಯಧನ ಪಾಲಿಹೌಸ್ ಮತ್ತು ನೆರಳು ಪರದೆ ಮನೆ ಎರಡಕ್ಕೂ ಇದೆ, ಪರದೆ ಮನೆಯ ಒಟ್ಟು ಖರ್ಚು ಪಾಲಿಹೌಸಿಗಿಂತ ಕಡಿಮೆ. ಆದರೂ ಸಹಾಯಧನದ ಮೊತ್ತ ದೊಡ್ಡದೆಂಬ ಒಂದೇ ಕಾರಣಕ್ಕೆ ಪಾಲಿಹೌಸನ್ನೇ ಆರಿಸಿಕೊಂಡು, ಉಳಿದ ಅರ್ಧಕ್ಕೆ ಬ್ಯಾಂಕಿನ ಸಾಲ ಹೊತ್ತು, ಮೊದಲ ಬೇಸಿಗೆಯಲ್ಲೇ ಹೂ ಕಳೆದುಕೊಂಡವರ ಸಂಕಟ ಸಣ್ಣದಲ್ಲ. ಅರ್ಜಿ ಹಾಕುವ ಮೊದಲು ಪ್ರತಿ ಬೆಳೆಗಾರನೂ ತನ್ನ ಹೊಲದಲ್ಲಿಯೇ, ಬಿಸಿಲು ನೇರ ತಾಕದಂತೆ, ದಿನದ ಗರಿಷ್ಠ ಮತ್ತು ಕನಿಷ್ಠ ಎರಡನ್ನೂ ತೋರಿಸುವ ಒಂದು ಉಷ್ಣಮಾಪಕವನ್ನು ತೂಗುಹಾಕಿ ಒಂದು ವರ್ಷ ಬರೆದಿಟ್ಟುಕೊಳ್ಳಲಿ. ರಾತ್ರಿಯ ಅಂಕಿ 20ಕ್ಕಿಂತ ಕೆಳಗಿರುವ ತಿಂಗಳುಗಳನ್ನು ಗುರುತು ಹಾಕಿ ಆ ಹಾಳೆಯನ್ನು ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಕಚೇರಿಗೋ ಒಯ್ದು, ಆ ತಿಂಗಳುಗಳಿಗೆ ಬೇಕಾದ ಮನೆ ಯಾವುದೆಂದು ಕೇಳಲಿ.